ಮಾಳೆಕೇರಿಯ ಮಣ್ಣಿನ ನಾಯಿ

ನಾನು ಒಂದು ಮಣ್ಣಿನ ನಾಯಿ. ಬೊಗಳಲಾರೆ, ಬಾಲ ಆಡಿಸಲಾರೆ. ಆದರೂ ನಾಯಿಯ ಗುಣವೊಂದು ನನ್ನಲ್ಲಿದೆ. ಹತ್ತಿರ ಬಂದವರನ್ನೆಲ್ಲ ಮೊದಲು ಸಂಶಯದಿಂದಲೇ ನೋಡುತ್ತೇನೆ.

ನನ್ನನ್ನು ಮಾಡಿದವನು ಕೊಡಗಿನ ಮಾಳೆಕೇರಿಯ ಕುಂಬಾರ ಸಿಂಗಯ್ಯ. ಗದ್ದೆಯ ಅಡಿಯಿಂದ ಜೇಡಿಮಣ್ಣು ತೆಗೆದು, ಕಲ್ಲು ಬೇರು ಆರಿಸಿ, ಭತ್ತದ ಹೊಟ್ಟು ಬೆರೆಸಿ ಎರಡು ದಿನ ತುಳಿದ. ಹೊಟ್ಟೆಯನ್ನು ಮಡಕೆಯ ಹಾಗೆ ತಿಗರಿಯ ಮೇಲೆ ತಿರುಗಿಸಿದ. ಕಾಲು, ಕತ್ತು, ಬಾಲ ಕೈಯಲ್ಲೇ ಹಚ್ಚಿದ. ಬಿದಿರು ಕಡ್ಡಿಯಿಂದ ಎರಡು ಕಣ್ಣು ಚುಚ್ಚಿದ. ಒಣಗಲು ಇಟ್ಟಾಗ ಒಂದು ಪಕ್ಕಕ್ಕೆ ಬಿಸಿಲು ಹೆಚ್ಚು ತಾಗಿ ನನ್ನ ಕತ್ತು ಎಡಕ್ಕೆ ತಿರುಗಿಬಿಟ್ಟಿತು, ಬೆನ್ನ ಹಿಂದೆ ಯಾರದೋ ಸದ್ದು ಕೇಳಿದ ಹಾಗೆ. ಇದನ್ನು ಯಾರು ಒಯ್ಯುತ್ತಾರೆ, ಒಡೆದು ಮಣ್ಣಿಗೆ ಸೇರಿಸು ಎಂದಳು ಅವನ ಹೆಂಡತಿ. ಸಿಂಗಯ್ಯ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಉಳಿದ ಹನ್ನೊಂದು ನಾಯಿಗಳ ಜೊತೆಗೇ ಆವಿಗೆಯಲ್ಲಿಟ್ಟು ಸುಟ್ಟ.

ನಮ್ಮನ್ನು ಮಾಡುವುದು ಹರಕೆಗಾಗಿ. ಮಾಳೆಕೇರಿಯ ಮೇಲಿನ ದೇವರಕಾಡಿನಲ್ಲಿ ಅಯ್ಯಪ್ಪನಿದ್ದಾನೆ. ಬೇಟೆಯ ದೇವರು, ಅವನಿಗೆ ನಾಯಿಗಳು ಬೇಕು. ಗುಡಿಯಿಲ್ಲ, ಗೋಡೆಯಿಲ್ಲ, ಮರಗಳ ನಡುವೆ ಒಂದು ಕಲ್ಲು, ಅಷ್ಟೇ. ಆ ಕಾಡು ಸರಕಾರದ ಕಾಗದದಲ್ಲಿ ಸರಕಾರದ್ದು, ಊರವರ ಬಾಯಲ್ಲಿ ದೇವರದ್ದು. ಅಲ್ಲಿ ಒಣಗಿದ ಕಡ್ಡಿಯನ್ನೂ ಯಾರೂ ಮುರಿಯುವಂತಿಲ್ಲ, ಬಿದ್ದ ಎಲೆಯನ್ನೂ ಹೊರಗೆ ತರುವಂತಿಲ್ಲ. ಚಪ್ಪಲಿ ಹಾಕಿ ಯಾರೂ ಹೋಗುವಂತಿಲ್ಲ. ಹೆಂಗಸರು ಒಳಗೆ ಹೋಗುವಂತೆಯೇ ಇಲ್ಲ.

ನನ್ನನ್ನು ಕೊಂಡವಳು ಚೋಂದಮ್ಮ. ಆಗ ಅವಳಿಗೆ ಇಪ್ಪತ್ತಾರು. ಏಲಕ್ಕಿ ಕೊಯ್ಯಲು ಹೋದ ಅವಳ ಗಂಡ ಬೆಟ್ಟದಲ್ಲಿ ದಾರಿ ತಪ್ಪಿ ಮೂರು ದಿನ ಸಿಕ್ಕಿರಲಿಲ್ಲ. ಮನೆಗೆ ಬಂದರೆ ಒಂದು ನಾಯಿ ಕೊಡುತ್ತೇನೆ ಎಂದು ಅವಳು ಕಾಡಿನ ಕಡೆ ಮುಖ ಮಾಡಿ ಹೇಳಿಕೊಂಡಳಂತೆ. ನಾಲ್ಕನೆಯ ದಿನ ಗಂಡ ಬಂದ, ಎಲ್ಲೋ ನಾಯಿ ಬೊಗಳುವ ಸದ್ದು ಹಿಡಿದು ಇಳಿದೆ ಎಂದ. ಸಿಂಗಯ್ಯನ ಜಗಲಿಯಲ್ಲಿ ಹನ್ನೆರಡು ನಾಯಿಗಳಿದ್ದವು. ಅವಳು ನನ್ನನ್ನೇ ಎತ್ತಿಕೊಂಡಳು. ಇದು ಮಾತ್ರ ಏನೋ ಕೇಳಿಸಿಕೊಳ್ತಾ ಉಂಟು ಎಂದಳು.

ಎರಡು ದಿನ ನಾನು ಅವಳ ಮನೆಯಲ್ಲಿದ್ದೆ. ಮೂರನೆಯ ದಿನ ಅವಳು ನನ್ನನ್ನು ಎದೆಗೆ ಅವಚಿಕೊಂಡು ಕಾಡಿನ ಅಂಚಿನವರೆಗೆ ತಂದಳು. ಅಲ್ಲಿಂದ ಮುಂದಕ್ಕೆ ಒಯ್ಯಲು ಅವಳ ತಮ್ಮ ಬಿದ್ದಪ್ಪ ಕಾದಿದ್ದ. ಇಪ್ಪತ್ತು ವರ್ಷದವನು, ಮಿಂದು ಬಂದಿದ್ದ, ಒದ್ದೆ ಕೂದಲಿಂದ ನೀರು ನನ್ನ ಬೆನ್ನ ಮೇಲೆ ತೊಟ್ಟಿಕ್ಕುತ್ತಿತ್ತು. ಎಡವದ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ನಡೆದ. ಕಲ್ಲಿನ ಹಿಂದೆ, ನಾಲ್ಕು ಜನ ತಬ್ಬಿದರೂ ಸಾಲದ ಧೂಪದ ಮರದ ಬುಡದಲ್ಲಿ, ಹಳೆಯ ನಾಯಿಗಳ ಸಾಲಿನಲ್ಲಿ ನನ್ನನ್ನಿಟ್ಟು ಕೈಮುಗಿದ. ನಾನು ಎಲ್ಲರನ್ನೂ ಸಂಶಯಿಸುವವನು. ಆದರೆ ಆ ಕೈಗಳನ್ನು ಸಂಶಯಿಸಲಿಲ್ಲ.

ಅಲ್ಲಿ ಮೂವತ್ತೆಂಟು ವರ್ಷ ಇದ್ದೆ. ಕೆಲವು ನಾಯಿಗಳು ಹಾವಸೆ ಹಿಡಿದು ಹಸಿರಾಗಿದ್ದವು, ಕೆಲವು ಮಳೆಗೆ ಕರಗಿ ಮಣ್ಣೇ ಆಗಿದ್ದವು. ವರ್ಷಕ್ಕೊಮ್ಮೆ ಹಬ್ಬದ ದಿನ ಗಂಡಸರು ಬರುತ್ತಿದ್ದರು, ಕಲ್ಲಿಗೆ ಪೂಜೆ ಮಾಡಿ ಹೊರಡುತ್ತಿದ್ದರು. ಉಳಿದ ದಿನ ಮಂಗಟ್ಟೆ ಹಕ್ಕಿಗಳ ರೆಕ್ಕೆಯ ಸದ್ದು, ಮರದ ಬುಡದಿಂದ ಹುಟ್ಟುವ ತೊರೆಯ ಸದ್ದು. ಆ ತೊರೆ ಕಾಡಿನಿಂದ ಇಳಿದು ಮೊದಲು ಸಿಗುವುದು ಚೋಂದಮ್ಮನ ಗದ್ದೆಗೆ. ಆಗೀಗ ತೋಲ ಬರುತ್ತಿದ್ದ. ಅವನು ಯರವರ ಬುಡಕಟ್ಟಿನವನು, ಪಕ್ಕದ ಕಾಫಿ ತೋಟದಲ್ಲಿ ಕೂಲಿಯಾಳುಗಳ ಲೈನ್ ಮನೆಯಲ್ಲಿದ್ದವನು. ವರ್ಷಕ್ಕೆ ಒಂದು ಸಲ ಜೇನು ಕೀಳಲು ಅವನಿಗೆ ಊರಿನ ಅಪ್ಪಣೆ ಇತ್ತು. ಸದ್ದಿಲ್ಲದೆ ಬರುವವನು ಎಂದು ನನಗೆ ಅವನ ಮೇಲೆ ಯಾವಾಗಲೂ ಒಂದು ಕಣ್ಣು.

ನಾನು ನೆಲದಿಂದ ಒಂದು ಮೊಳ ಎತ್ತರ. ಹಾಗಾಗಿ ಮನುಷ್ಯರನ್ನು ಕಾಲಿನಿಂದ ಗುರುತಿಸುವುದು ಅಭ್ಯಾಸ. ಒಂದು ದಿನ ಬೆಳಿಗ್ಗೆ ಎರಡು ಜೊತೆ ಕಾಲು ಬಂದವು. ಒಂದು ಬರಿಗಾಲು, ಬಿದ್ದಪ್ಪನದು. ಇನ್ನೊಂದು ಬೂಟು. ಬಿದ್ದಪ್ಪ ತನ್ನ ಚಪ್ಪಲಿ ಅಂಚಿನಲ್ಲಿ ಬಿಟ್ಟು ಬಂದಿದ್ದ. ಬೂಟಿನವನಿಗೆ ಬಿಚ್ಚು ಎಂದು ಹೇಳಿರಲಿಲ್ಲ.

ಬೂಟಿನವನು ಟೇಪು ಹಿಡಿದು ಅಳೆದ. ಕೆಲವು ಮರಗಳ ಮೇಲೆ ಕೆಂಪು ಬಣ್ಣದಲ್ಲಿ ಗೀಟು ಎಳೆದ. ಬಿದ್ದಪ್ಪ ಮುಂದೆ ಮುಂದೆ ಹೋಗಿ ಬಳ್ಳಿ ಸರಿಸಿ ಕೊಡುತ್ತಿದ್ದ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನು ನಮ್ಮ ಕಡೆ ತಿರುಗಿ ಕೈಮುಗಿಯದೆ ಹೋದ.

ಕಾಡಿನ ಹೊರಗೆ ನಡೆದದ್ದು ನನಗೆ ಆಗ ಗೊತ್ತಿರಲಿಲ್ಲ. ಚೋಂದಮ್ಮ ಆಮೇಲೆ ಹೇಳಿದ್ದು. ಅವಳ ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಗದ್ದೆ ಅವಳೇ ನೋಡಿಕೊಳ್ಳುತ್ತಿದ್ದಳು. ಕಾಫಿ ಹೂ ಬಿಡುವ ಹೊತ್ತಿಗೆ, ಒಂದು ಹನಿ ಮಳೆ ಬೀಳದಿರುವಾಗ, ತೊರೆಯಲ್ಲಿ ಕೆಂಪು ನೀರು ಬಂತು. ಕೈಯಲ್ಲಿ ಮೊಗೆದು ನೋಡಿದರೆ ತಳದಲ್ಲಿ ಮರದ ಹುಡಿ. ಮೂಸಿದಳು. ಧೂಪದ ವಾಸನೆ.

ತಮ್ಮನನ್ನು ಕೇಳಿದಳು. ಆಗ ಊರಿನ ತಕ್ಕರು ಉತ್ತಯ್ಯ. ದೇವರ ಕೆಲಸದ ಯಜಮಾನಿಕೆ ಅವರ ಮನೆಯದು. ಎಂಬತ್ತು ದಾಟಿ ಕಣ್ಣು ಮಂದವಾದ ಮೇಲೆ ಕಾಡಿನ ಉಸ್ತುವಾರಿಯನ್ನೆಲ್ಲ ಬಿದ್ದಪ್ಪನಿಗೆ ಬಿಟ್ಟಿದ್ದರು. ಹಂದಿಗಳು ಹೊರಳಾಡಿ ನೀರು ಕದಡಿರಬೇಕು ಎಂದ ಬಿದ್ದಪ್ಪ. ಮತ್ತೆ ಈ ಹುಡಿ ಎಂದಳು. ಅವನು ಹುಡಿಯನ್ನು ಬೆರಳಲ್ಲಿ ಉಜ್ಜಿ, ತೋಲ ಈಗೀಗ ಜೇನಿಗೆ ಅಂತ ಕೊಂಬೆ ಕಡಿತಾನೆ, ಹೇಳಿದರೆ ಕೇಳುವುದಿಲ್ಲ ಎಂದ.

ಚೋಂದಮ್ಮ ನಂಬಿದಳು. ನಾನು ಅಲ್ಲಿದ್ದಿದ್ದರೂ ನಂಬುತ್ತಿದ್ದೆನೋ ಏನೋ. ಅವಳು ನೇರ ಲೈನ್ ಮನೆಗೆ ಹೋಗಿ ತೋಲನನ್ನು ಹೊರಗೆ ಕರೆದು ಎಲ್ಲರೆದುರು ಬೈದಳು. ಅವನು ಒಂದೇ ಮಾತು ಹೇಳಿದ.

"ಅವ್ವ, ನಾನು ಆ ಕಾಡಿಗೆ ಹೋಗದೆ ಎರಡು ವರ್ಷ ಆಯ್ತು. ಜೇನೇ ಇಲ್ಲ ಅಲ್ಲಿ."

ಸುಳ್ಳು ಎಂದುಕೊಂಡೇ ಅವಳು ಮನೆಗೆ ಬಂದಳು. ಕೆಲವು ದಿನಕ್ಕೆ, ತೋಲ ಕಾಡಿಗೆ ಕಾಲಿಡಬಾರದೆಂದು ಊರಿನ ಕೂಟದಲ್ಲಿ ತೀರ್ಮಾನವೂ ಆಯಿತು. ಆದರೆ ತೋಲನಿಲ್ಲದ ಮೇಲೂ ನೀರು ಕೆಂಪಾಗಿಯೇ ಇತ್ತು. ಸಂಜೆಯಾದರೆ ಅವಳ ಮನೆಯ ಮೇಲಿಂದ ಸಾಲಾಗಿ ಕಾಡಿಗೆ ಮರಳುತ್ತಿದ್ದ ಮಂಗಟ್ಟೆಗಳು ಆ ವರ್ಷ ಒಂದೂ ಬರಲಿಲ್ಲ. ಅಂಚಿನಲ್ಲಿ ನಿಂತು ನೋಡಿದರೆ ಮರಗಳೆಲ್ಲ ಇದ್ದ ಹಾಗೇ ಇವೆ. ಆಚೆ ಕಡೆಯಿಂದ ಮಾತ್ರ ಒಂದು ಯಂತ್ರದ ಗುರುಗುಟ್ಟುವಿಕೆ. ಗುಡ್ಡದ ಆಚೆ ರೆಸಾರ್ಟಿನವರು ಇನ್ನಷ್ಟು ಕಾಟೇಜು ಕಟ್ಟುತ್ತಿದ್ದಾರಲ್ಲ, ಅದರ ಸದ್ದು ಎಂದರು ಊರವರು. ಅವಳು ದಿನಾ ಹೋಗಿ ಅಂಚಿನಲ್ಲಿ ನಿಲ್ಲುತ್ತಿದ್ದಳು. ಎರಡು ಹೆಜ್ಜೆ ಒಳಗಿಟ್ಟರೆ ಎಲ್ಲ ಗೊತ್ತಾಗುತ್ತಿತ್ತು. ಇಡಲಿಲ್ಲ. ಬೇರೆಯವರು ಕಟ್ಟಳೆ ಮುರಿದಿರಬಹುದು ಎಂಬ ಅನುಮಾನಕ್ಕೆ ತಾನು ಮುರಿಯುವುದು ಅವಳಿಗೆ ಸರಿ ಕಾಣಲಿಲ್ಲ.

ಒಳಗೆ ನಡೆದದ್ದನ್ನು ನಾನು ನೋಡಿದೆ. ಹಿಂಬದಿಯಿಂದ ಯಂತ್ರ ಬಂತು. ನಂದಿ, ಹೊನ್ನೆ, ಕಾಡುಹಲಸು, ಎಳೆಯ ಧೂಪ, ಕೆಂಪು ಗೀಟಿನ ಮರಗಳು ಒಂದೊಂದಾಗಿ ಬಿದ್ದವು. ಕಡೆಗೆ ಯಂತ್ರ ನಮ್ಮ ಧೂಪದ ಮರದ ಮುಂದೆ ಬಂದು ನಿಂತಿತು. ಓಡಿಸುವವನು ಕೆಳಗಿಳಿದ, ನಮ್ಮನ್ನು ನೋಡಿದ. ಈ ನಾಯಿಗಳ ಮೇಲೆ ಹತ್ತಿಸಲಾರೆ ಎಂದ. ಎಲ್ಲಿಯವನೋ, ನಮ್ಮ ಅಯ್ಯಪ್ಪನ ಹೆಸರೂ ಅವನಿಗೆ ಗೊತ್ತಿತ್ತೋ ಇಲ್ಲವೋ. ಆಗ ಬಿದ್ದಪ್ಪನೇ ಮುಂದೆ ಬಂದು ನಮ್ಮನ್ನು ಎತ್ತಿ ಪ್ಲಾಸ್ಟಿಕ್ ಕ್ರೇಟುಗಳಲ್ಲಿ ತುಂಬಿದ. ಒಂದರ ಮೇಲೊಂದು. ಅದೇ ಕೈಗಳು. ನಮ್ಮನ್ನು ಬೇರೆ ಮರದ ಬುಡಕ್ಕೆ ಒಯ್ಯುವ ಯೋಚನೆ ಅವನಿಗಿತ್ತೇನೋ. ಅಷ್ಟರಲ್ಲಿ ರೆಸಾರ್ಟಿನ ಮ್ಯಾನೇಜರು ಬಂದು ಬಗ್ಗಿ ನೋಡಿ, ತುಂಬ ಚೆನ್ನಾಗಿವೆ, ನಮ್ಮ ತೋಟಕ್ಕೆ ಕೊಡಿ ಎಂದ. ಬಿದ್ದಪ್ಪ ಬೇಡ ಎನ್ನಲಿಲ್ಲ.

ರೆಸಾರ್ಟಿನಲ್ಲಿ ನಮ್ಮನ್ನು ತೊಳೆದರು. ನಲವತ್ತು ವರ್ಷದ ಹಾವಸೆ ಒಂದು ಪೈಪಿನ ನೀರಿಗೆ ಹೋಯಿತು. ಹೂವಿನ ಮಡಿಯ ಪಕ್ಕ, ಕಾಟೇಜಿಗೆ ಹೋಗುವ ಕಲ್ಲುಹಾಸಿನ ಉದ್ದಕ್ಕೂ ಸಾಲಾಗಿ ನಿಲ್ಲಿಸಿದರು. ಬಂದವರು ನಮ್ಮ ಪಕ್ಕ ಕುಳಿತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಬ್ಬಳು ನನ್ನ ಮೂಗಿಗೆ ತನ್ನ ಕಪ್ಪು ಕನ್ನಡಕ ಹಾಕಿ ನಕ್ಕಳು. ಬೊಗಳಲು ಬಾರದಿದ್ದಕ್ಕೆ ಅಂದಿನಷ್ಟು ನಾನೆಂದೂ ಬೇಸರಪಟ್ಟವನಲ್ಲ.

ಮಳೆಗಾಲಕ್ಕೆ ಮೊದಲು ರೆಸಾರ್ಟಿನಲ್ಲಿ ಯಾವುದೋ ದೊಡ್ಡ ಮನೆತನದ ಮದುವೆ. ಕೊಡಗಿನ ಅಡಿಗೆ ಬೇಕೆಂದರು. ಚೋಂದಮ್ಮನ ಕಡಂಬುಟ್ಟಿಗೆ ಊರಲ್ಲೆಲ್ಲ ಹೆಸರು. ಅಕ್ಕಿತರಿಯ ಆ ಉಂಡೆಗಳನ್ನು ಅವಳ ಹದದಲ್ಲಿ ಬೇಯಿಸುವವರಿಲ್ಲ. ಮ್ಯಾನೇಜರು ಜೀಪು ಕಳಿಸಿದ. ಬೇರೆ ದಿನವಾಗಿದ್ದರೆ ಅವಳು ಹೋಗುತ್ತಿರಲಿಲ್ಲ. ಆ ಯಂತ್ರದ ಸದ್ದು ಎಲ್ಲಿಯವರೆಗೆ ಬಂದಿದೆ ಎಂದು ಆಚೆ ಕಡೆಯಿಂದ ನೋಡುವ ಆಸೆಗೆ ಹೊರಟಳು.

ಅಡಿಗೆಮನೆಗೆ ಹೋಗುವ ದಾರಿಯಲ್ಲಿ ಅವಳ ಕಾಲು ನನ್ನ ಮುಂದೆ ಬಂದು ನಿಂತಿತು. ನಾನು ಗುರುತು ಹಿಡಿಯಲಿಲ್ಲ, ಹಿಮ್ಮಡಿ ಒಡೆದ ಮುದುಕಿಯ ಕಾಲು. ಅವಳು ನನ್ನ ಗುರುತು ಹಿಡಿದಳು. ಉಳಿದ ನಾಯಿಗಳೆಲ್ಲ ನೇರ ನೋಡುತ್ತವೆ, ನಾನೊಬ್ಬನೇ ಎಡಕ್ಕೆ. ಅಲ್ಲೇ ಕುಕ್ಕರುಗಾಲಲ್ಲಿ ಕುಳಿತು ನನ್ನ ಕತ್ತನ್ನು ಎರಡು ಬೆರಳಲ್ಲಿ ಸವರಿದಳು. ಎದ್ದು ಹೋಗಿ ನೂರೈವತ್ತು ಜನರಿಗೆ ಕಡಂಬುಟ್ಟು ಬೇಯಿಸಿದಳು. ಊಟವೆಲ್ಲ ಮುಗಿದ ಮೇಲೆ ಬಂದು ನನ್ನನ್ನೆತ್ತಿ ಸೆರಗಿನಲ್ಲಿ ಸುತ್ತಿಕೊಂಡಳು. ಮ್ಯಾನೇಜರು ಓಡಿ ಬಂದ.

"ಅಮ್ಮ, ಅದು ರೆಸಾರ್ಟಿನ ಸಾಮಾನು."

"ಇದು ನನ್ನ ಹರಕೆ," ಎಂದಳು ಚೋಂದಮ್ಮ. "ಇಲ್ಲಿಗೆ ಯಾರು ತಂದದ್ದು, ಅದು ಹೇಳಿ."

ಅವನಿಗೆ ಮುಚ್ಚಿಡುವ ವಿಷಯವೆಂದು ಹೊಳೆಯಲಿಲ್ಲ. ನಿಮ್ಮ ಊರಿನ ಬಿದ್ದಪ್ಪನವರೇ ಪ್ರೀತಿಯಿಂದ ಕೊಟ್ಟದ್ದು ಎಂದು ನಗುತ್ತ ಹೇಳಿದ.

ಅವಳು ನನ್ನನ್ನು ಮನೆಗೆ ತಂದು ಜಗಲಿಯ ಮೇಲಿಟ್ಟಳು. ಯಾರಿಗೂ ಏನೂ ಹೇಳಲಿಲ್ಲ. ಬೇರೆ ಯಾರಾದರೂ ತಮ್ಮನ ಹೆಸರು ಹೇಳಿರಬಹುದು, ಅವನು ಬೇರೇನೋ ಕಾರಣಕ್ಕೆ ಕೊಟ್ಟಿರಬಹುದು ಎಂದು ತನಗೇ ಸಮಾಧಾನ ಹೇಳಿಕೊಳ್ಳುತ್ತಿದ್ದಳೆಂದು ಕಾಣುತ್ತದೆ. ಒರಳಿನ ಮುಂದೆ ಕುಳಿತವಳು ರುಬ್ಬುವುದನ್ನು ಮರೆತು ನನ್ನನ್ನೇ ನೋಡುತ್ತಿದ್ದಳು. ಎರಡನೆಯ ದಿನ ಬಿದ್ದಪ್ಪ ಬಂದ. ವಾರಕ್ಕೊಮ್ಮೆ ಅಕ್ಕನನ್ನು ನೋಡಿ ಹೋಗುವುದು ಅವನ ರೂಢಿ. ಕಿತ್ತಳೆ ತಂದಿದ್ದ. ಮೆಟ್ಟಿಲು ಹತ್ತುವಾಗಲೇ ಅವನ ಕಣ್ಣು ನನ್ನ ಮೇಲೆ ಬಿತ್ತು. ನಾನು ನೋಡಿದೆ, ಅವಳೂ ನೋಡಿದಳು.

ಅವನು ಕುಳಿತ. ಕಾಫಿ ಕುಡಿದ. ಈ ಸಲ ಮಳೆ ಬೇಗ ಹಿಡಿಯುತ್ತದೆ ಎಂದ. ಗದ್ದೆಗೆ ಯಾವ ಬೀಜ ಎಂದು ಕೇಳಿದ. ನನ್ನ ಕಡೆ ಮತ್ತೆ ತಿರುಗಲಿಲ್ಲ. ಕಾಡಿನಲ್ಲಿರಬೇಕಾದ ನಾಯಿ ಜಗಲಿಗೆ ಹೇಗೆ ಬಂತು ಎಂದು ಒಂದು ಮಾತು ಕೇಳಲಿಲ್ಲ. ಅರ್ಧ ಗಂಟೆ ಕುಳಿತಿದ್ದು ಹೋದ.

"ಕೇಳಿದ್ದರೆ ನಂಬ್ತಿದ್ದೆ," ಎಂದು ಚೋಂದಮ್ಮ ಖಾಲಿ ಲೋಟದ ಕಡೆ ನೋಡುತ್ತ ಹೇಳಿದಳು. ಜಗಲಿಯಲ್ಲಿ ನಾನೊಬ್ಬನೇ ಇದ್ದೆ.

ಮಾರನೆಯ ದಿನ ಊರಿನ ಅಂಬಲದಲ್ಲಿ ಕೂಟ. ಅಂಬಲ ಎಂದರೆ ಊರವರು ಸೇರುವ ಕಂಬದ ಚಾವಡಿ. ಗಂಡಸರು ಮೇಲೆ ಕುಳಿತಿದ್ದರು. ಚೋಂದಮ್ಮ ಕೆಳಗೆ ನಿಂತು ನನ್ನನ್ನು ಕಟ್ಟೆಯ ಮೇಲೆ, ತಕ್ಕರ ಎದುರಿಗಿಟ್ಟಳು. ಉತ್ತಯ್ಯ ಬಗ್ಗಿ ಕೈಯಿಂದ ತಡವಿ ನಾಯಿ ಎಂದು ತಿಳಿದುಕೊಂಡರು.

"ತಕ್ಕರೇ, ಇದು ನಾನು ಕೊಟ್ಟ ಹರಕೆ. ರೆಸಾರ್ಟಿನ ಹೂತೋಟದಲ್ಲಿ ಸಿಕ್ಕಿತು," ಎಂದಳು. "ನಾನು ಒಳಗೆ ಹೋಗುವವಳಲ್ಲ. ಹೋಗುವವರು ನೀವು. ಒಳಗೆ ಎಂತ ಉಂಟು, ಎಂತ ಇಲ್ಲ, ನೀವೇ ನೋಡಿ ಹೇಳಬೇಕು."

ಗುಸುಗುಸು ಎದ್ದಿತು. ಹಳೆಯ ನಾಯಿಗಳು ಒಡೆದು ಹೋಗುತ್ತಿದ್ದವು, ಜೋಪಾನವಾಗಿರಲಿ ಎಂದು ಕೊಟ್ಟೆ ಎಂದು ಬಿದ್ದಪ್ಪ ಶುರುಮಾಡಿದ. ಚೋಂದಮ್ಮ ಅವನ ಮಾತು ಮುಗಿಯಲು ಬಿಟ್ಟಳು.

"ತಮ್ಮ, ಈ ನಾಯಿಯ ತಲೆ ಮೇಲೆ ಕೈ ಇಡು. ಅಪ್ಪ ನೋಡಿದ ಕಾಡು ಹಾಗೇ ಉಂಟು ಅಂತ ಹೇಳು. ಅಷ್ಟು ಹೇಳು, ನಾನು ಮನೆಗೆ ಹೋಗ್ತೇನೆ."

ಅವನು ಎದ್ದು ಬಂದ. ಕೈ ಚಾಚಿದ. ನನ್ನ ತಲೆಯಿಂದ ಒಂದು ಗೇಣಿನಷ್ಟು ಮೇಲೆ ಆ ಕೈ ನಿಂತಿತು. ಬೆರಳುಗಳ ಬಿಸಿ ನನಗೆ ತಾಗುತ್ತಿತ್ತು. ನಾನು ಒಂದು ಕ್ಷಣ, ಇವನು ಸುಳ್ಳಾದರೂ ಹೇಳಲಿ, ಅಕ್ಕನ ಎದುರು ಇವನ ಮುಖ ಹೀಗಾಗುವುದು ಬೇಡ ಎಂದುಕೊಂಡೆ. ಕೈ ಕೆಳಗಿಳಿಯಲಿಲ್ಲ. ಹಿಂದಕ್ಕೆ ಹೋಯಿತು.

ಆಮೇಲೆ ಎಲ್ಲ ಹೇಳಿದ. ರೆಸಾರ್ಟಿನವರಿಗೆ ಹತ್ತಿರದ ದಾರಿ ಬೇಕಿತ್ತು. ದಾರಿ ಬಿಟ್ಟುಕೊಟ್ಟರೆ ಅಯ್ಯಪ್ಪನಿಗೆ ಕಲ್ಲಿನ ಗುಡಿ ಕಟ್ಟಿಸಿಕೊಡುತ್ತೇವೆ, ಟೈಲ್ಸ್ ಹಾಕಿಸುತ್ತೇವೆ ಎಂದಿದ್ದರು. ತಕ್ಕರಂಥ ವಯಸ್ಸಾದವರು ಜೀಪಿನಲ್ಲೇ ದೇವರ ಹತ್ತಿರ ಹೋಗಬಹುದಿತ್ತು. ಅಂಚಿನ ಮರ ಮುಟ್ಟಬಾರದೆಂದು ತಾನೇ ಷರತ್ತು ಹಾಕಿದ್ದ. ಗುಡಿ ಎದ್ದು ನಿಂತ ಮೇಲೆ ಊರವರು ಸಿಟ್ಟು ಮರೆಯುತ್ತಾರೆ ಎಂದುಕೊಂಡಿದ್ದ.

"ನಾನು ನನಗೆ ಅಂತ ಮಾಡಲಿಲ್ಲ," ಎಂದ. "ಎಷ್ಟು ವರ್ಷ ಅಂತ ಮಳೆಯಲ್ಲಿ ನೆನೆಯುವುದು ಅವನು. ದೇವರಿಗೂ ಒಂದು ಸೂರು ಬೇಡವಾ?"

ಉತ್ತಯ್ಯ ಮತ್ತೊಮ್ಮೆ ನನ್ನ ಬೆನ್ನು ತಡವಿದರು. "ಸೂರು ಬೇಡ ಅಂತಲೇ ಅಲ್ವಾ ಬಿದ್ದಪ್ಪ, ಅವನು ಅಲ್ಲಿ ಕೂತದ್ದು," ಎಂದರು.

ಗಂಡಸರೆಲ್ಲ ಕಾಡಿಗೆ ಹೋದರು. ಚೋಂದಮ್ಮ ನನ್ನನ್ನು ಹಿಡಿದು ಅಂಚಿನಲ್ಲಿ ನಿಂತಳು. ಹೋದವರು ಒಬ್ಬೊಬ್ಬರಾಗಿ ಹೊರಗೆ ಬಂದರು. ಅವರಲ್ಲಿ ಒಬ್ಬ, ಕಲ್ಲಿನ ಹಿಂದೆ ನಿಂತರೆ ಬರೀ ಆಕಾಶ ಎಂದ. ಇಪ್ಪತ್ತೊಂಬತ್ತು ಬುಡಗಳನ್ನು ಸೊಪ್ಪು ಹಾಕಿ ಮುಚ್ಚಿದ್ದರಂತೆ. ಧೂಪದ ಮರವೂ ಅದರಲ್ಲಿ ಒಂದು.

ಅರಣ್ಯ ಇಲಾಖೆಯವರು ಬಂದರು. ದಾರಿಗೆ ಅಡ್ಡ ಕಂದಕ ತೋಡಿಸಿದರು. ಕೇಸಾಯಿತು. ನನ್ನ ಕತ್ತಿಗೆ ಒಂದು ಚೀಟಿ ಕಟ್ಟಿ ಸಾಕ್ಷಿಯೆಂದು ಕಚೇರಿಗೆ ಒಯ್ದರು. ಅಲ್ಲಿ ಆರು ವರ್ಷ, ಒಂದು ಕೊಡಲಿಯ ಪಕ್ಕ, ಕಪಾಟಿನ ಮೇಲಿನ ಹಲಗೆಯಲ್ಲಿ ಕಳೆದೆ. ಮೊದಲ ಸಲ ಮನುಷ್ಯರನ್ನು ಮೇಲಿನಿಂದ ನೋಡಿದೆ. ಮೇಲಿನಿಂದ ನೋಡಿದರೆ ಎಲ್ಲರೂ ಪಾಪದವರ ಹಾಗೆ ಕಾಣುತ್ತಾರೆ, ಅದನ್ನು ನಂಬಬಾರದು. ಗುಮಾಸ್ತರೊಬ್ಬರು ಬೀಗದ ಕೈಯನ್ನು ನನ್ನ ಬಾಲಕ್ಕೆ ಸಿಕ್ಕಿಸುತ್ತಿದ್ದರು. ಕಚೇರಿ ಬದಲಾಯಿಸುವಾಗ ನನ್ನ ಮುಂಗಾಲು ಮುರಿಯಿತು. ಕೇಸು ಮುಗಿದಾಗ ಗೆದ್ದವರು ಯಾರೆಂದು ನನಗೆ ಯಾರೂ ಹೇಳಲಿಲ್ಲ. ರೆಸಾರ್ಟು ಈಗಲೂ ನಡೆಯುತ್ತಿದೆಯಂತೆ, ಸುತ್ತಿನ ದಾರಿಯಿಂದ. ಕಾಡಿನ ದಾರಿ ತೆರೆಯಲಿಲ್ಲ.

ಊನವಾದ ಹರಕೆ ಒಳಗೆ ಹೋಗುವಂತಿಲ್ಲ. ಹಾಗಾಗಿ ಚೋಂದಮ್ಮ ನನ್ನನ್ನು ಕಾಡಿನ ಅಂಚಿನಲ್ಲಿ, ಹೆಂಗಸರು ನಿಲ್ಲಬಹುದಾದ ಕೊನೆಯ ಜಾಗದಲ್ಲಿ, ಒಂದು ಕಲ್ಲಿಗೆ ಒರಗಿಸಿ ಕೂರಿಸಿದ್ದಾಳೆ. ಅವಳಿಗೆ ಈಗ ಎಪ್ಪತ್ತೆರಡು. ದಿನಾ ಬಂದು ನನ್ನ ಪಕ್ಕ ಕೂರುತ್ತಾಳೆ. ಹಿಂದಿನದೆಲ್ಲ ನನಗೆ ಹೇಳಿದ್ದು ಹೀಗೆ ಕೂತಾಗಲೇ.

ಒಂದು ದಿನ ತೋಲ ಆ ದಾರಿಯಲ್ಲಿ ಬಂದ. ಅವನ ಮೇಲಿನ ನಿಷೇಧ ತೆಗೆದು ವರ್ಷಗಳಾಗಿದ್ದವು, ಆದರೂ ಅವನು ಒಳಗೆ ಹೋದವನಲ್ಲ. ಅವಳು ಅವನನ್ನು ಕರೆದು ಕೂರಿಸಿಕೊಂಡಳು. ನಿನ್ನ ಮೇಲೆ ಅನುಮಾನಪಟ್ಟೆ ತೋಲ, ತಪ್ಪಾಯ್ತು ಎಂದಳು. ಅವನು ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿಕೊಂಡ.

"ನಾನೂ ನಿಮ್ಮ ಮೇಲೆ ಪಟ್ಟಿದ್ದೆ ಅವ್ವ," ಎಂದ. "ಅವರ ಅಕ್ಕ ಅಲ್ವಾ ನೀವು."

ಅವಳು ನಕ್ಕಳು. ಆದರೆ ಆ ಮಾತು ಅವಳಿಗೆ ಚುಚ್ಚಿತೆಂದು ನನಗೆ ಗೊತ್ತು. ಅಂದು ಹೊತ್ತು ಇಳಿಯುವವರೆಗೂ ಎದ್ದು ಹೋಗಲಿಲ್ಲ.

ಬಿದ್ದಪ್ಪನನ್ನು ಊರು ದೂರ ಮಾಡಲಿಲ್ಲ. ಕಡಿಸಿದಷ್ಟೂ ನೀನೇ ನೆಡಬೇಕು ಎಂದು ಉತ್ತಯ್ಯ ಸಾಯುವ ಮೊದಲು ಹೇಳಿದ್ದರು. ಮಳೆಗಾಲ ಬಂತೆಂದರೆ ಅವನು ವಾರಕ್ಕೆ ಎರಡು ಸಲ ಬರುತ್ತಾನೆ. ಧೂಪದ, ನಂದಿಯ ಸಸಿಗಳನ್ನು ಒಂದು ಬಟ್ಟೆಯ ಚೀಲದಲ್ಲಿ ತುಂಬಿ, ಮೊಣಕಾಲು ನೋವಿಗೆ ಕೋಲು ಊರಿಕೊಂಡು. ಅಕ್ಕ ತಮ್ಮ ಮಾತಾಡುತ್ತಾರೆ, ಇಲ್ಲವೆಂದಲ್ಲ. ಚಹಾ ಕುಡಿದೆಯಾ, ಕಾಲು ಹೇಗುಂಟು, ಇಷ್ಟೇ.

ಅವನು ಒಳಗೆ ಹೋದ ಮೇಲೆ ಅವಳು ಕಿವಿಗೊಟ್ಟು ಕೂರುತ್ತಾಳೆ. ಗುದ್ದಲಿಯ ಸದ್ದಿಗೂ ಕತ್ತಿಯ ಸದ್ದಿಗೂ ಇರುವ ವ್ಯತ್ಯಾಸ ಅವಳಿಗೆ ಗೊತ್ತು, ನನಗೂ ಗೊತ್ತು.

ಮೊನ್ನೆಯೂ ಬಂದಿದ್ದ. ಜಿಟಿಜಿಟಿ ಮಳೆ. ಒಳಗಿನಿಂದ ಹೊರಗೆ ಬಂದು ಅವಳ ಮುಂದೆ ನಿಂತ. ಮೊದಲ ವರ್ಷ ಅವಳು, ಚೀಲದಲ್ಲಿ ಎಂತ ಉಂಟು ಎಂದು ಕೇಳುತ್ತಿದ್ದಳು. ಈಗ ಕೇಳಬೇಕಾಗಿಲ್ಲ. ಅವನೇ ಚೀಲ ತಿರುವಿ ಹಿಡಿದು ಕೊಡವಿದ. ಒಂದಿಷ್ಟು ಮಣ್ಣು, ಒಂದು ಒಣ ಎಲೆ ಬಿದ್ದವು.

ಆ ಎಲೆಯನ್ನು ಚೋಂದಮ್ಮ ಎತ್ತಿ ಅವನ ಕೈಗೆ ಕೊಟ್ಟಳು. ಅವನು ಕೋಲೂರಿ ತಿರುಗಿ ಒಳಗೆ ಹೋದ, ಎಲೆಯನ್ನು ಅಲ್ಲಿ ಹಾಕಿ ಬರಲು.

ಅವನು ಅದನ್ನು ನಿಜವಾಗಿ ಹಾಕುತ್ತಾನೋ ಇಲ್ಲವೋ ಎಂದು ಅವಳು ಕತ್ತು ನೀಡಿ ನೋಡುತ್ತಿದ್ದಳು. ನಾನೂ ನೋಡುತ್ತಿದ್ದೆ.